ನನ್ನ ಹಲಸಿನ ನರ್ಸರಿ ಉಳಿಸಿದ್ದು ಕೈಗುಣವಲ್ಲ, ಸ್ಟ್ಯಾಟಿಸ್ಟಿಕ್ಸ್ ಪೇಪರ್

ಹಲಸಿನ ಮೃದುಕಾಂಡ ಕಸಿ (ಎಳೆ ಸಸಿಯ ಕಾಂಡಕ್ಕೆ ಒಳ್ಳೆಯ ಮರದ ಕಡ್ಡಿ ಕೂರಿಸಿ ಕಟ್ಟುವುದು) ಈಗ ನನ್ನಲ್ಲಿ 100ಕ್ಕೆ 80ರ ಹತ್ತಿರ ಹಿಡಿಯುತ್ತಿದೆ. ಗುಬ್ಬಿ ಸುತ್ತಿನ ನರ್ಸರಿಯವರು ಬಂದು ಎಣಿಸಿ ನೋಡಿ ಹೋಗಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಬಿಎಸ್ಸಿ ಅಗ್ರಿ ಓದಿದವನು ಸಸಿ ಮಾರ್ಕೊಂಡು ಕೂತಿದ್ದಾನೆ ಎಂದವರು ಬಹಳ. ಆ ಓದು ಇಲ್ಲದಿದ್ದರೆ ಈ ನರ್ಸರಿ ಮೂರನೇ ವರ್ಷ ಮುಚ್ಚುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬ್ಯಾಚಿನವರಲ್ಲಿ ಸುಮಾರು ಜನ ಬ್ಯಾಂಕುಗಳಲ್ಲಿ ಕೃಷಿ ಅಧಿಕಾರಿಗಳು. ಕೆಲವರು ರೈತ ಸಂಪರ್ಕ ಕೇಂದ್ರದಲ್ಲಿದ್ದಾರೆ. ಒಬ್ಬ ಪಿಎಚ್‌ಡಿಗೆ ಅಮೆರಿಕಕ್ಕೆ ಹೋದ. ನಾನೂ ಪರೀಕ್ಷೆ ಬರೆಯಲಿ ಅಂತ ಅಪ್ಪನ ಆಸೆ. ನನಗೆ ಗಿಡ ಬೇಕಿತ್ತು.

ಮೊದಲ ವರ್ಷ 6,000 ಕಸಿ ಕಟ್ಟಿಸಿದೆ. ಉಳಿದದ್ದು 2,000ದ ಆಸುಪಾಸು. ಕಟ್ಟುವವರಿಗೆ ಒಂದಕ್ಕೆ 5 ರೂಪಾಯಿ. ಹಿಡಿದರೂ ಕೊಡಬೇಕು, ಸತ್ತರೂ ಕೊಡಬೇಕು. ಕವರು, ಮಣ್ಣು, ಗೊಬ್ಬರ, ಶೇಡ್ ನೆಟ್ಟು ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲೆ ಹೋಯಿತು. ಎರಡನೇ ವರ್ಷ ದೂರದಿಂದ ಹೆಸರುವಾಸಿ ಕಸಿಗಾರರನ್ನು ಕರೆಸಿದೆ. ಊಟ, ವಸತಿ, ಬಸ್ ಚಾರ್ಜು, ಮೇಲೆ ಒಂದಕ್ಕೆ 8 ರೂಪಾಯಿ. ಆಗಲೂ 100ಕ್ಕೆ 40 ದಾಟಲಿಲ್ಲ. ಎಲ್ಲರದ್ದೂ ಒಂದೇ ಮಾತು: ಹಲಸು ಮೇಣದ ಗಿಡ, ಅದಕ್ಕೆ ಕೈಗುಣ ಬೇಕು. ಸಾಲ ಕೇಳಿದ ಕಡೆ, “ಹಿತ್ತಲಲ್ಲಿ ಬೀಜ ಬಿದ್ದರೆ ಹುಟ್ಟೋ ಗಿಡಕ್ಕೆ ಯಾರ್ರೀ ದುಡ್ಡು ಕೊಡ್ತಾರೆ?” ಅಂದರು. ಅಮ್ಮ ಸರ ಬಿಚ್ಚಿಕೊಟ್ಟಳು. ಅದನ್ನು ಅಡವಿಟ್ಟೆ.

ಮೂರನೇ ವರ್ಷ ಹಳೆಯ ಪ್ರಾಕ್ಟಿಕಲ್ ರೆಕಾರ್ಡ್ ತೆಗೆದು ಕೂತೆ. ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಕಲಿತ ಆರ್‌ಸಿಬಿಡಿ ಅದರಲ್ಲಿತ್ತು: ಜಾಗವನ್ನು ಬ್ಲಾಕುಗಳಾಗಿ ಮಾಡಿ, ಹೋಲಿಸಬೇಕಾದ ಎಲ್ಲ ಗುಂಪನ್ನೂ ಪ್ರತಿ ಬ್ಲಾಕಿನಲ್ಲಿ ಚೀಟಿ ಎತ್ತಿ ಹಂಚುವ ಪ್ರಯೋಗ ವಿಧಾನ. ಶೇಡ್ ನೆಟ್ಟಿನ ಕೆಳಗಿನ ನಾಲ್ಕು ಮಡಿಗಳೇ ನಾಲ್ಕು ಬ್ಲಾಕು. ಹೋಲಿಸಿದ್ದು ಮೂರು ವಿಷಯ: ಯಾರು ಕಟ್ಟಿದ್ದು, ಕಡ್ಡಿ ಅಂದೇ ಕಡಿದದ್ದೋ ಹಿಂದಿನ ದಿನದ್ದೋ, ಕಡ್ಡಿಯ ಎಲೆ ಮೊದಲೇ ತೆಗೆದದ್ದೋ ಇಲ್ಲವೋ. ಒಟ್ಟು ಎಂಟು ಗುಂಪು, ಪ್ರತಿ ಮಡಿಯಲ್ಲೂ ಎಂಟೂ ಇರಬೇಕು. ಚೀಟಿ ಎತ್ತಿ ಜಾಗ ಹಂಚಿದೆ, ಬಣ್ಣದ ಟೇಪು ಸುತ್ತಿದೆ. “ಇದೇನು ಸ್ವಾಮಿ, ಕಸಿ ಕಟ್ಟಿಸ್ತೀರೋ ಪರೀಕ್ಷೆ ನಡೆಸ್ತೀರೋ?” ಅಂತ ಕಟ್ಟುವವರು ರೇಗಿದರು. ಅಮೆರಿಕದ ಗೆಳೆಯ ರಾತ್ರಿ ಫೋನಿನಲ್ಲಿ ಅನೋವಾ ಟೇಬಲ್ (ಯಾವ ಕಾರಣದಿಂದ ಎಷ್ಟು ವ್ಯತ್ಯಾಸ ಎಂದು ತೋರಿಸುವ ಲೆಕ್ಕ) ನೋಡಿಕೊಟ್ಟ.

ಕಟ್ಟಿದ ಕೈಯಿಂದ ಆದ ವ್ಯತ್ಯಾಸ 100ಕ್ಕೆ ನಾಲ್ಕೋ ಐದೋ, ಅಷ್ಟೇ. ಅಂದು ಬೆಳಿಗ್ಗೆ ತಂದ ಕಡ್ಡಿಗೂ ಒಂದು ರಾತ್ರಿ ಇಟ್ಟ ಕಡ್ಡಿಗೂ 20ರ ಮೇಲೆ ವ್ಯತ್ಯಾಸ! ಎಲೆ ತೆಗೆದು ಒಂದು ವಾರ, ಹತ್ತು ದಿನ ಮರದಲ್ಲೇ ಬಿಟ್ಟು, ಮೊಗ್ಗು ಉಬ್ಬಿದ ಮೇಲೆ ಕಡಿದು ಅಂದೇ ಕಟ್ಟಿದ್ದು ಎಲ್ಲಕ್ಕಿಂತ ಮುಂದೆ. ಎಲೆ ತೆಗೆಯುವುದು ಕೃಷಿ ಓದಿದ ಎಲ್ಲರಿಗೂ ಗೊತ್ತಿರುವ ಪಾಠ. ಆದರೂ ಮರ ಹತ್ತುವವನಿಗೆ ಎರಡು ಸಲ ಕೂಲಿ ಯಾಕೆ ಅಂತ ನರ್ಸರಿಗಳು ಬಿಡುತ್ತವೆ. ಆ ಎರಡನೇ ಕೂಲಿ 700 ರೂಪಾಯಿ. ಒಂದು ಕಸಿ ಗಿಡ ನಾನು ಮಾರುವುದು 120ಕ್ಕೆ. ಲೆಕ್ಕ ನೀವೇ ಹಾಕಿ.

ಮೇಣ ಕಡಿಮೆಯಾಗಲು, ಕಡ್ಡಿ ಕೂರಿಸುವ ಬೇರುಸಸಿಗೆ ಹಿಂದಿನ ದಿನ ಒಂದು ಕೆಲಸ ಮಾಡುತ್ತೇನೆ. ಅದನ್ನು ಬರೆಯಲ್ಲ, ಅದು ನನ್ನ ಅನ್ನ. ಕವರಿನ ಮಣ್ಣಿನ ಮಿಶ್ರಣವೂ ಅಷ್ಟೇ. ಎಳನೀರಿನಲ್ಲಿ ಕಡ್ಡಿ ಅದ್ದಿ ನೋಡಿದೆ, ಜೇನು ಸವರಿ ನೋಡಿದೆ. ಏನೂ ಮಾಡದ ಗುಂಪಿಗೂ ಅವಕ್ಕೂ ವ್ಯತ್ಯಾಸ ಬರಲಿಲ್ಲ. ಸುಮ್ನೆ ಖರ್ಚು.

ತಾಯಿ ಮರಗಳದ್ದೂ ಕಾಲೇಜಿನ ಋಣವೇ. ಕೊನೆಯ ವರ್ಷದ ರಾವೆಯಲ್ಲಿ (ಹಳ್ಳಿಯಲ್ಲಿದ್ದು ಕೃಷಿ ಕಲಿಯುವ ತರಬೇತಿ) ನನ್ನನ್ನು ಹಾಕಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ತೂಬಗೆರೆ ಹತ್ತಿರದ ಹಳ್ಳಿಗೆ. ಹಲಸಿಗೆ ಹೆಸರಾದ ಸೀಮೆ ಅದು. ಮನೆಮನೆಯ ಮರ ನೋಡಿ ತೊಳೆಯ ಬಣ್ಣ, ರುಚಿ, ಹಣ್ಣಾಗುವ ತಿಂಗಳು ಬರೆದಿಟ್ಟಿದ್ದೆ. ಅವುಗಳಲ್ಲಿ ಆರು ಮರಗಳ ಕಡ್ಡಿಯೇ ಈಗ ನನ್ನ ಬಂಡವಾಳ. ಮರದವರಿಗೆ ಕಡ್ಡಿಗೆ 2 ರೂಪಾಯಿ ಕೊಡುತ್ತೇನೆ. ಕಡ್ಡಿ ತರುವ ದಿನ ಕತ್ತಲಿರುವಾಗಲೇ ಹೊರಟು, ಒದ್ದೆ ಗೋಣಿಯಲ್ಲಿ ಸುತ್ತಿ, ಹತ್ತು ಗಂಟೆಯೊಳಗೆ ನರ್ಸರಿಗೆ ಮುಟ್ಟಿಸುತ್ತೇವೆ.

ಕಳೆದ ವರ್ಷ 12,000 ಗಿಡದ ಹತ್ತಿರ ಹೋಯಿತು. ಅರ್ಧದಷ್ಟು ರೈತರನ್ನು ಕಳಿಸಿದ್ದು ರೈತ ಸಂಪರ್ಕ ಕೇಂದ್ರಗಳಲ್ಲಿರುವ ನಮ್ಮ ಬ್ಯಾಚಿನವರೇ. ಅಮ್ಮನ ಸರ ಬಿಡಿಸಿಯಾಯಿತು. ಈಗ ಅದೇ ನಾಲ್ಕು ಮಡಿಯಲ್ಲಿ ಹುಣಸೆ ಕಟ್ಟಿದ್ದೇನೆ. ಸದ್ಯಕ್ಕೆ 100ಕ್ಕೆ 50 ಹಿಡಿದಿದೆ. ಮೂರನೇ ಮಡಿಯಲ್ಲಿ ಮಾತ್ರ ಜಾಸ್ತಿ ಸಾಯುತ್ತಿದೆ. ಅಲ್ಲಿ ನೀರು ನಿಲ್ಲುತ್ತದೆಯೋ ಬಿಸಿಲು ಹೆಚ್ಚೋ ಎಂಬುದನ್ನು ಮುಂದಿನ ಸುತ್ತಿನಲ್ಲಿ ಬೇರೆ ಮಾಡಿ ನೋಡಬೇಕು.