ಎದೆಬಡಿತ ಹೆಡ್‌ಫೋನಿನಲ್ಲಿ ಕೇಳಬೇಕೆ? ಮೊದಲು ರಬ್ಬರ್ ಕೊಳವೆ ಸರಿ ಮಾಡಿ

ಸ್ಟೆತಸ್ಕೋಪ್‌ಗೆ ಆಂಪ್ಲಿಫೈಯರ್ ಜೋಡಿಸೋಣ ಅಂದ್ರೆ ಎಲ್ಲರೂ ಮೊದಲು ಸರ್ಕ್ಯೂಟ್ ಹುಡುಕುತ್ತಾರೆ. ನಾವೂ ಹಾಗೇ ಮಾಡಿದೆವು. ಎಂಟನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದನ್ನು ಮಾಡಬೇಕು ಅಂತ ಹಟ ಹಿಡಿದಿದ್ದಳು. ಇಬ್ಬರೂ ಕೂತು ಎರಡು ಭಾನುವಾರ ಸರ್ಕ್ಯೂಟನ್ನೇ ಬಿಚ್ಚಿದೆವು, ಕಟ್ಟಿದೆವು, ಆದರೆ ಗೇನ್, ಅಂದರೆ ಸದ್ದು ಹಿಗ್ಗಿಸುವ ಪ್ರಮಾಣ, ಏರಿಸಿದಷ್ಟೂ ಫ್ಯಾನಿನ ಸದ್ದು, ಬೀದಿಯಲ್ಲಿ ಹೋಗುವ ಸ್ಕೂಟರಿನ ಸದ್ದು ಜಾಸ್ತಿಯಾಯಿತೇ ಹೊರತು ಎದೆಬಡಿತ ಮಾತ್ರ ಬರಲಿಲ್ಲ. ತೊಂದರೆ ಇದ್ದದ್ದು ಮೈಕ್ ಮತ್ತು ರಬ್ಬರ್ ಕೊಳವೆ ಸೇರುವ ಕಡೆ, ಒಂದು ಸಣ್ಣ ಸಂದಿನಲ್ಲಿ. ಅದನ್ನು ಮುಚ್ಚಿದ ತಕ್ಷಣ ಬಡಿತ ಕೇಳಿಸಿತು.

ಕಾರಣ ಸರಳ. ಹೃದಯದ ಸದ್ದು ತುಂಬಾ ದಪ್ಪ ದನಿ, ಹೆಚ್ಚಿನದು 20ರಿಂದ 200 ಹರ್ಟ್ಜ್ ಒಳಗೇ ಇರುತ್ತದೆ. ಕೊಳವೆಯೊಳಗಿನ ಗಾಳಿ ಎಲ್ಲೂ ಸೋರದೆ ಇದ್ದರೆ ಮಾತ್ರ ಈ ದನಿ ಮೈಕ್ ತನಕ ಬರುತ್ತದೆ. ಸೋರಿದರೆ ಮೊದಲು ಹೋಗುವುದೇ ಇಂಥ ದಪ್ಪ ದನಿ. 1816ರಲ್ಲಿ ಪ್ಯಾರಿಸ್‌ನ ವೈದ್ಯ ರೆನೆ ಲೆನೆಕ್ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದಾಗ ಸ್ಟೆತಸ್ಕೋಪ್ ಹುಟ್ಟಿತು. ಆಗ ಯಾವ ಆಂಪ್ಲಿಫೈಯರೂ ಇರಲಿಲ್ಲ, ಇದ್ದದ್ದು ಒಂದು ಒಳ್ಳೆಯ ಕೊಳವೆ ಅಷ್ಟೇ.

ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ಔಷಧಿ ಅಂಗಡಿಯಲ್ಲಿ ಸಿಗುವ ಸಾಧಾರಣ ಸ್ಟೆತಸ್ಕೋಪ್ ಸಾಕು. ಎದೆಗೆ ಇಡುವ ಬಿಲ್ಲೆಯಿಂದ ಸುಮಾರು 5 ಸೆಂಟಿಮೀಟರ್ ಬಿಟ್ಟು ಕೊಳವೆಯನ್ನು ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿ. ಇನ್ನು ಮೈಕ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಂಡೆನ್ಸರ್ ಮೈಕ್ ಅಂತ ಕೇಳಿ, ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಓಡಾಟದಲ್ಲಿ ಸಿಗುತ್ತವೆ. 6 ಮಿಲಿಮೀಟರ್ ಅಗಲದ್ದು ಸಿಕ್ಕರೆ ಕೊಳವೆಯೊಳಗೆ ಒತ್ತಿ ಕೂರಿಸಬಹುದು. ದೊಡ್ಡದಾದರೆ ಮೈಕ್ ಮತ್ತು ಕೊಳವೆಯ ತುದಿ ಎರಡಕ್ಕೂ ಸೇರಿಸಿ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ ಬಿಸಿ ಮಾಡಿ.

ಕೂರಿಸುವ ಮೊದಲು ಮೈಕನ್ನು ತಿರುಗಿಸಿ ಹಿಂಬದಿ ನೋಡಿ. ಎರಡು ಬೆಸುಗೆ ಚುಕ್ಕಿಗಳಿರುತ್ತವೆ, ಅದರಲ್ಲಿ ಒಂದರಿಂದ ಸಣ್ಣ ಗೆರೆಗಳು ಹೊರಟು ಸುತ್ತಲಿನ ಲೋಹದ ಡಬ್ಬಿಗೆ ತಾಕಿರುತ್ತವೆ. ಅದು ಗ್ರೌಂಡ್. ಇನ್ನೊಂದು ಸಿಗ್ನಲ್. ಇಲ್ಲಿಂದ ಸರ್ಕ್ಯೂಟ್ ತನಕ ಶೀಲ್ಡ್ ಇರುವ ವೈರನ್ನೇ ಹಾಕಿ, ಜಾಲರಿ ಗ್ರೌಂಡಿಗೆ, ಒಳಗಿನ ತಂತಿ ಸಿಗ್ನಲ್‌ಗೆ. ಮಾಮೂಲಿ ವೈರ್ ಹಾಕಿದರೆ ಮನೆಯ ಕರೆಂಟಿನ 50 ಹರ್ಟ್ಜ್ ಗುಂಯ್ ಅನ್ನುವ ಸದ್ದು ಒಳಗೆ ಸೇರುತ್ತದೆ, ಅದೂ ಎದೆಬಡಿತದ ಜಾಗದಲ್ಲೇ ಇರುವುದರಿಂದ ಆಮೇಲೆ ಸೋಸಿ ತೆಗೆಯುವುದು ಕಷ್ಟ. ವೈರ್ ಹೊರಬರುವ ಕಡೆ ಬಿಸಿ ಗ್ಲೂ ತುಂಬಿ, ಪೂರ್ತಿ ಆರಲು ಬಿಡಿ.

ಈಗ ಸರ್ಕ್ಯೂಟ್. ಎಲ್‌ಎಂ386 ಅನ್ನುವ ಎಂಟು ಕಾಲಿನ ಐಸಿ ಒಂದೇ ಸಾಕು. ಗುರುತಿನ ಕಚ್ಚು ಮೇಲೆ ಬರುವಂತೆ ಹಿಡಿದರೆ ಎಡಗಡೆ ಮೇಲಿನದು 1, ಕೆಳಗೆ ಇಳಿದು 4, ಬಲಗಡೆ ಕೆಳಗಿನಿಂದ 5, ಮೇಲೆ ಹೋಗಿ 8. ಮೊದಲು ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್ ಮೇಲೆ ಜೋಡಿಸಿ ನೋಡಿ, ಕೆಲಸ ಮಾಡಿದ ಮೇಲೆ ಬೆಸುಗೆ ಹಾಕಿದರಾಯಿತು.

9 ವೋಲ್ಟ್ ಬ್ಯಾಟರಿಯ ಪ್ಲಸ್ ಒಂದು ಸ್ವಿಚ್ ಮೂಲಕ 6ನೇ ಕಾಲಿಗೆ, ಮೈನಸ್ 4ನೇ ಕಾಲಿಗೆ. ಮೈನಸ್ಸೇ ನಮ್ಮ ಗ್ರೌಂಡ್. 2ನೇ ಕಾಲನ್ನೂ ಗ್ರೌಂಡಿಗೆ ಸೇರಿಸಿ. 6 ಮತ್ತು 4ರ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 1 ಮತ್ತು 8ರ ನಡುವೆ 10 ಮೈಕ್ರೋಫ್ಯಾರಡ್, ಅದರ ಪ್ಲಸ್ 1ರ ಕಡೆಗೆ. ಇದನ್ನು ಹಾಕದಿದ್ದರೆ ಐಸಿ 20 ಪಟ್ಟು ಮಾತ್ರ ಹಿಗ್ಗಿಸುತ್ತದೆ, ಹಾಕಿದರೆ 200 ಪಟ್ಟು. 7ರಿಂದ ಗ್ರೌಂಡಿಗೆ ಇನ್ನೊಂದು 10 ಮೈಕ್ರೋಫ್ಯಾರಡ್.

ಮೈಕಿಗೂ ಕರೆಂಟ್ ಬೇಕು, ಆದರೆ ಬ್ಯಾಟರಿಯಿಂದ ನೇರವಾಗಿ ಕೊಡಬೇಡಿ. ಮೊದಲು 1 ಕಿಲೋ ಓಮ್ ರೆಸಿಸ್ಟರ್, ಅದರಾಚೆಯ ತುದಿಯಿಂದ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದೇ ತುದಿಯಿಂದ 4.7 ಕಿಲೋ ಓಮ್ ರೆಸಿಸ್ಟರ್ ಮೂಲಕ ಮೈಕಿನ ಸಿಗ್ನಲ್ ತಂತಿಗೆ. ಈ 1 ಕಿಲೋ ಓಮ್ ಮತ್ತು ಕೆಪಾಸಿಟರ್ ಬಿಡಲೇಬೇಡಿ. ನಾವು ಮೊದಲ ಸಲ ಬಿಟ್ಟಿದ್ದೆವು. ಹೆಡ್‌ಫೋನಿನಲ್ಲಿ ಪುಟ್ ಪುಟ್ ಪುಟ್ ಅಂತ ಚೆನ್ನಾಗಿ ತಾಳ ಬಂತು, ಎದೆಬಡಿತ ಅಂತಲೇ ನಂಬಿದೆವು, ಬಿಲ್ಲೆಯನ್ನು ಎದೆಯಿಂದ ತೆಗೆದು ಮೇಜಿನ ಮೇಲಿಟ್ಟರೂ ಅದೇ ತಾಳ! ಆಂಪ್ಲಿಫೈಯರ್‌ನ ಹೊರಸದ್ದು ಬ್ಯಾಟರಿ ತಂತಿಯ ಮೂಲಕ ಮತ್ತೆ ಮೈಕಿಗೆ ಸುತ್ತಿ ಬರುತ್ತಿತ್ತು. ನಿಮಗೆ ಕೇಳುವ ಸದ್ದು ನಿಜವೋ ಅಲ್ಲವೋ ತಿಳಿಯಲು ಇದೇ ಪರೀಕ್ಷೆ, ಬಿಲ್ಲೆ ಎತ್ತಿದರೆ ಬಡಿತ ನಿಲ್ಲಬೇಕು.

ಮೈಕಿನ ಸಿಗ್ನಲ್ ತಂತಿಯಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದಾದ ಮೇಲೆ 4.7 ಕಿಲೋ ಓಮ್, ಆಮೇಲೆ 47 ಕಿಲೋ ಓಮ್ ವಾಲ್ಯೂಮ್ ಪಾಟ್‌ನ (ತಿರುಗಿಸಿ ಸದ್ದು ಹೆಚ್ಚು ಕಮ್ಮಿ ಮಾಡುವ, ಮೂರು ಕಾಲಿನ ರೆಸಿಸ್ಟರ್) ಒಂದು ತುದಿ. ಪಾಟ್‌ನ ಇನ್ನೊಂದು ತುದಿ ಗ್ರೌಂಡಿಗೆ, ನಡುವಿನ ಕಾಲು ಐಸಿಯ 3ಕ್ಕೆ. ಸಿಗ್ನಲ್ ಬರುವ ತುದಿಯಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಮೇಲೆ 104 ಅಂತ ಬರೆದಿರುತ್ತದೆ. ಇದೇ ಸೋಸುವ ಜರಡಿ. ಸುಮಾರು 200 ಹರ್ಟ್ಜ್‌ಗಿಂತ ಮೇಲಿನ ಸದ್ದನ್ನು, ಅಂದರೆ ಮಾತು, ಬಟ್ಟೆಯ ಸರಸರ, ಬಹಳಷ್ಟು ತಗ್ಗಿಸುತ್ತದೆ. ಆದರೆ ಇದೇ 104ನ್ನು ಮೊದಲಿನ 1 ಮೈಕ್ರೋಫ್ಯಾರಡ್ ಜಾಗದಲ್ಲಿ ಹಾಕಬೇಡಿ, ಎದೆಬಡಿತದ ಕೆಳದನಿ ಅಲ್ಲೇ ಸೊರಗಿಬಿಡುತ್ತದೆ.

5ನೇ ಕಾಲು ಔಟ್‌ಪುಟ್. ಅಲ್ಲಿಂದ ಗ್ರೌಂಡಿಗೆ 0.047 ಮೈಕ್ರೋಫ್ಯಾರಡ್ ಮತ್ತು 10 ಓಮ್ ಸಾಲಾಗಿ. ಅದೇ 5ರಿಂದ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಹೆಡ್‌ಫೋನ್ ಜ್ಯಾಕಿಗೆ, ಪ್ಲಸ್ ಐಸಿ ಕಡೆ. ಜ್ಯಾಕಿನ ಎಡ ಬಲ ಎರಡನ್ನೂ ಒಟ್ಟಿಗೆ ಸೇರಿಸಿ. ಕಿವಿ ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್ ಬೇಕು. ಸ್ಪೀಕರ್ ಆಸೆ ಬಿಡಿ. ಸಣ್ಣ ಸ್ಪೀಕರಿಗೆ ಇಷ್ಟು ದಪ್ಪ ದನಿ ಹೊರಡಿಸಲು ಆಗುವುದಿಲ್ಲ, ಮೇಲಾಗಿ ಅದರ ಸದ್ದು ಮತ್ತೆ ಮೈಕಿಗೆ ಹೋಗಿ ಕಿರುಚಾಟ ಶುರುವಾಗುತ್ತದೆ.

ಕಿವಿಗೆ ಹಾಕುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. 6ರಲ್ಲಿ 9 ವೋಲ್ಟ್, 5ರಲ್ಲಿ ಅದರ ಅರ್ಧ, ಹೆಚ್ಚುಕಡಿಮೆ 4.5. ಇದು ಬಂದರೆ ಐಸಿ ಸರಿ ಇದೆ. ಮೈಕಿನ ಸಿಗ್ನಲ್ ತಂತಿಯಲ್ಲಿ 6ರಿಂದ 8 ವೋಲ್ಟ್ ಕಾಣಬೇಕು. ಪೂರ್ತಿ 9 ಇದ್ದರೆ ಮೈಕ್ ತಂತಿ ಬಿಟ್ಟಿದೆ, ಸೊನ್ನೆ ಇದ್ದರೆ ಎಲ್ಲೋ ಶಾರ್ಟ್ ಆಗಿದೆ. ವಾಲ್ಯೂಮನ್ನು ಸೊನ್ನೆಗೆ ತಂದು, ಬಿಲ್ಲೆಯನ್ನು ಎದೆಗಿಟ್ಟು, ಆಮೇಲೆ ನಿಧಾನಕ್ಕೆ ಏರಿಸಿ. ಬಿಲ್ಲೆಗೆ ಉಗುರು ತಾಗಿದರೂ ಕಿವಿಯಲ್ಲಿ ಗುಂಡು ಹೊಡೆದಂತಾಗುತ್ತದೆ, ಮಕ್ಕಳ ಕೈಗೆ ಕೊಡುವಾಗ ಇದು ನೆನಪಿರಲಿ.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಬ್ಯಾಟರಿಯಲ್ಲೇ ನಡೆಸಿ. ಮೈಗೆ ತಾಗಿಸುವ ವಸ್ತುವಿಗೆ ಗೋಡೆ ಪ್ಲಗ್ಗಿನ ಅಡಾಪ್ಟರ್ ಬೇಡ, ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿಗೆ ಜೋಡಿಸುವುದೂ ಬೇಡ.

ಬಿಲ್ಲೆಯನ್ನು ಬಟ್ಟೆಯ ಮೇಲಲ್ಲ, ಚರ್ಮದ ಮೇಲೆ ಇಡಬೇಕು. ಎಡ ಎದೆಯಲ್ಲಿ, ಐದನೇ ಮತ್ತು ಆರನೇ ಪಕ್ಕೆಲುಬಿನ ನಡುವೆ, ಮೊಲೆತೊಟ್ಟಿನ ಸ್ವಲ್ಪ ಕೆಳಗೆ. ಫ್ಯಾನ್ ಆರಿಸಿ. ಬಿಲ್ಲೆ ಹಿಡಿದ ಬೆರಳು ಅಲ್ಲಾಡಬಾರದು. ನಮ್ಮ ಹುಡುಗಿ ಮೊದಲು ಕೇಳಿದ್ದು ನನ್ನ ಅಮ್ಮನ ಎದೆಯನ್ನು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತವಳು, "ಮಾಮ, ಅಜ್ಜಿ ಎದೇಲಿ ಒಂದಲ್ಲ, ಎರಡೆರಡು ಸದ್ದು ಬರ್ತಿದೆ" ಅಂದಳು.

ಅವಳು ಕೇಳಿದ್ದು ಸರಿ. ಲಬ್ ಡಬ್. ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಕವಾಟಗಳು ಮುಚ್ಚಿಕೊಂಡಾಗ ಲಬ್, ರಕ್ತ ಹೊರಹೋಗುವ ದೊಡ್ಡ ನಾಳಗಳ ಬಾಯಿಯ ಕವಾಟಗಳು ಮುಚ್ಚಿಕೊಂಡಾಗ ಡಬ್. ಸುಮ್ನೆ ಕೂತಾಗ ಲಬ್‌ನಿಂದ ಡಬ್‌ಗೆ ಬಿಡುವು ಕಮ್ಮಿ, ಡಬ್‌ನಿಂದ ಮುಂದಿನ ಲಬ್‌ಗೆ ಜಾಸ್ತಿ. ಎರಡೂ ಸೇರಿ ಒಂದು ಬಡಿತ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ, ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ ಸಾಮಾನ್ಯವಾಗಿ 60ರಿಂದ 100 ಬರುತ್ತದೆ, ಚಿಕ್ಕ ಮಕ್ಕಳಿಗೆ ಇನ್ನೂ ಜಾಸ್ತಿ. ನಡುವೆ ಏನೋ ಊದಿದ ಸದ್ದು ಕೇಳಿದ ಹಾಗಾದರೆ ನೀವೇ ಕಾಯಿಲೆಯ ಹೆಸರು ಹೇಳಲು ಹೋಗಬೇಡಿ, ಅದು ವೈರಿನ ಸದ್ದೂ ಆಗಿರಬಹುದು. ಅನುಮಾನ ಇದ್ದರೆ ಡಾಕ್ಟರ ಹತ್ತಿರ ಹೋಗಿ ತೋರಿಸಿ, ಇದು ಕಲಿಯಲಿಕ್ಕೆ ಮಾಡಿದ ಸಾಧನ.

ಉಸಿರಾಟ ಕೇಳಬೇಕೆಂದರೆ 104 ತೆಗೆದು 103 ಹಾಕಿ. ಅದು 0.01 ಮೈಕ್ರೋಫ್ಯಾರಡ್, ಜರಡಿಯ ಕಣ್ಣು ಸುಮಾರು ಹತ್ತು ಪಟ್ಟು ದೊಡ್ಡದಾಗುತ್ತದೆ. ಶ್ವಾಸಕೋಶದ ಸದ್ದು 1000 ಹರ್ಟ್ಜ್ ಹತ್ತಿರದವರೆಗೂ ಹೋಗುವುದರಿಂದ ಇದು ಬೇಕೇ ಬೇಕು. ಬಿಲ್ಲೆಯನ್ನು ಬೆನ್ನಿಗಿಟ್ಟು, ಬಾಯಿ ತೆರೆದು ದೀರ್ಘವಾಗಿ ಉಸಿರೆಳೆಯಲು ಹೇಳಿ. ನಾವು ಎರಡು ಕೆಪಾಸಿಟರನ್ನೂ ಒಂದು ಸಣ್ಣ ಸ್ವಿಚ್ಚಿಗೆ ಜೋಡಿಸಿ, ಒಂದು ಕಡೆ "ಎದೆ", ಇನ್ನೊಂದು ಕಡೆ "ಉಸಿರು" ಅಂತ ಚೀಟಿ ಅಂಟಿಸಿದ್ದೇವೆ.