ಜುಲೈ ಕೊನೆಯ ಲೆಕ್ಕಪುಸ್ತಕ

ಅಮೆರಿಕದ ಸಿಯಾಟಲ್ ಸುತ್ತಮುತ್ತ ಕೆಲಸ ಮಾಡುವ ಬೇಸ್‌ಬಾಲ್ ಹುಚ್ಚರಿಗೆ ಜುಲೈ ಕೊನೆಯ ವಾರದಲ್ಲಿ ದೇಹ ಮಾತ್ರ ಕಚೇರಿಯಲ್ಲಿರುತ್ತದೆ. ಮೇಜರ್ ಲೀಗ್ ತಂಡಗಳು ಋತುವಿನ ನಡುವೆ ಆಟಗಾರರನ್ನು ಬದಲಾಯಿಸಿಕೊಳ್ಳಲು ಇರುವ ಗಡುವು ಮುಗಿಯುವುದು ಸಾಮಾನ್ಯವಾಗಿ ಆ ದಿನಗಳ ಆಸುಪಾಸಿನಲ್ಲೇ. 2025ರಲ್ಲಿ ಅದು ಜುಲೈ 31, ನ್ಯೂಯಾರ್ಕ್ ಸಮಯ ಸಂಜೆ 6 ಗಂಟೆ; ನಮಗೆ ಮಧ್ಯಾಹ್ನ 3. ಮೈಸೂರಿನಲ್ಲಿರುವ ನನ್ನ ತಮ್ಮನಿಗೆ ಆಗ ಬೆಳಗಿನ ಜಾವ ಮೂರೂವರೆ. ಎದ್ದ ಮೇಲೆ ಅವನು ಪ್ರತಿ ವರ್ಷ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಅರ್ಧ ಟೂರ್ನಿ ಆಡಿಸಿದ ಮೇಲೆ ನಿಮ್ಮವನನ್ನೇ ಇನ್ನೊಂದು ತಂಡಕ್ಕೆ ಹೇಗೆ ಕೊಟ್ಟುಬಿಡುತ್ತಾರೆ?"

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಇದು ವಿಚಿತ್ರವೇ. ಇಲ್ಲಿ ಆಟಗಾರನ ಕರಾರು ಇದ್ದಂತೆಯೇ ಹೊಸ ತಂಡಕ್ಕೆ ವರ್ಗವಾಗುತ್ತದೆ. ಅವನ ಒಪ್ಪಿಗೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕರಾರಿನಲ್ಲೇ ತಡೆ ಷರತ್ತು ಬರೆಸಿಕೊಂಡವರು ಮತ್ತು ಲೀಗಿನಲ್ಲಿ ಹತ್ತು ವರ್ಷ ಆಡಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವರು ಮಾತ್ರ "ಹೋಗುವುದಿಲ್ಲ" ಎನ್ನಬಹುದು. ಉಳಿದವರು ಕರೆ ಬಂದೊಡನೆ ಚೀಲ ಕಟ್ಟಿಕೊಂಡು ಹೊರಡಬೇಕು.

ಈ ವಿನಿಮಯಗಳ ಬಗ್ಗೆ ನಾನೊಂದು ಲೆಕ್ಕಪುಸ್ತಕ ಇಟ್ಟಿದ್ದೇನೆ. ಗಡುವು ಮುಗಿದ ರಾತ್ರಿಯೇ ಕೂತು ಪ್ರತಿಯೊಂದು ದೊಡ್ಡ ವಿನಿಮಯದ ಬಗ್ಗೆ ನನ್ನ ತೀರ್ಮಾನವನ್ನು ಬರೆಯುತ್ತೇನೆ, ಆಮೇಲೆ ತಿದ್ದುವುದಿಲ್ಲ. ಫಲಿತಾಂಶ ತಿಳಿದ ಮೇಲೆ ಎಲ್ಲರೂ "ನಾನು ಅಂದೇ ಹೇಳಿದ್ದೆ" ಎನ್ನುತ್ತಾರೆ; ನಮ್ಮ ಕಚೇರಿಯ ಊಟದ ಮೇಜಿನಲ್ಲಂತೂ ಹಾಗೆ ಹೇಳದವರೇ ಇಲ್ಲ. ಒಂದು ವಿನಿಮಯ ಅಂದಿನ ತಿಳಿವಳಿಕೆಯ ಮೇಲೆ ಸರಿಯಾಗಿತ್ತೇ ಎಂಬುದು ಒಂದು ಪ್ರಶ್ನೆ, ಕೊನೆಗೆ ಫಲಿಸಿತೇ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿ ಜಗಳವಾಡುವುದು ನನಗೆ ಸಾಕಾಗಿತ್ತು.

ಪುಟದಲ್ಲಿ ಮೊದಲು ಬರೆಯುವುದು ವರ್ಷಗಳನ್ನು. ಹೆಸರು, ಹೋಮ್ ರನ್ (ಮೈದಾನದ ಗೋಡೆ ದಾಟಿಸುವ ಹೊಡೆತ), ಸರಾಸರಿ ಎಲ್ಲವೂ ಆಮೇಲೆ. ಮೇಜರ್ ಲೀಗಿಗೆ ಕಾಲಿಟ್ಟ ಆಟಗಾರ ಆರು ವರ್ಷ ಸೇವೆ ಮುಗಿಸುವವರೆಗೆ ಸ್ವತಂತ್ರನಾಗಲಾರ. ಮೊದಲ ಸುಮಾರು ಮೂರು ವರ್ಷ ಅವನು ಕನಿಷ್ಠ ಸಂಬಳದ ಆಸುಪಾಸಿನಲ್ಲಿ ದುಡಿಯುತ್ತಾನೆ. 2025ರಲ್ಲಿ ಆ ಕನಿಷ್ಠ 7,60,000 ಡಾಲರ್. ನಂತರದ ವರ್ಷಗಳಲ್ಲಿ ತಂಡದ ಜೊತೆ ಸಂಬಳ ಕುದುರದಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಹಾಗಾಗಿ ಇಪ್ಪತ್ತೆರಡರ ಒಬ್ಬ ಹುಡುಗನನ್ನು ಕೊಟ್ಟರೆ ಆರು ಅಗ್ಗದ ವರ್ಷಗಳನ್ನು ಕೊಟ್ಟಂತೆ. ಅಕ್ಟೋಬರ್ ಕೊನೆಗೆ ಕರಾರು ಮುಗಿಯುವ ತಾರೆಯನ್ನು ತಂದರೆ ಸಿಗುವುದು ಮೂರು ತಿಂಗಳು. ಇಂಥವನನ್ನು ಇಲ್ಲಿಯ ಅಭಿಮಾನಿಗಳು ಬಾಡಿಗೆಯವನು ಎನ್ನುತ್ತಾರೆ. ಅದರ ಮೇಲೆ ಇನ್ನೊಂದು ನಿಯಮವಿದೆ, ಬಹಳ ಜನ ಮರೆಯುತ್ತಾರೆ: ಋತುವಿನ ನಡುವೆ ಬಂದವನು ಚಳಿಗಾಲದಲ್ಲಿ ಬೇರೆ ತಂಡ ಸೇರಿದರೆ, ಕೊಂಡ ತಂಡಕ್ಕೆ ಡ್ರಾಫ್ಟಿನಲ್ಲಿ (ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವಾಗ) ಪರಿಹಾರವೂ ದಕ್ಕುವುದಿಲ್ಲ.

ಎಳೆಯರ ಬೆಲೆ ಕಟ್ಟುವುದು ಇದರಲ್ಲಿ ಅತ್ಯಂತ ಕಷ್ಟದ ಭಾಗ. ಶ್ರೀನಿವಾಸಪುರದ ಕಡೆ ನಮ್ಮ ಅಜ್ಜ ಮಾವಿನ ತೋಟವನ್ನು ಹೂವಿನಲ್ಲೇ ಗುತ್ತಿಗೆ ಕೊಡುತ್ತಿದ್ದರು. ಕೊಂಡವನು ಹೂವು ನೋಡಿ ಹಣ್ಣಿನ ದುಡ್ಡು ಕೊಡುತ್ತಿದ್ದ. ಮೇಜರ್ ಲೀಗಿಗಿಂತ ಕೆಳಗಿನ ಮೈನರ್ ಲೀಗಿನ ಹುಡುಗರ ವ್ಯಾಪಾರವೂ ಬಹುತೇಕ ಹಾಗೆಯೇ. ಪಟ್ಟಿಗಳಲ್ಲಿ ಅವರಿಗೆ ಕೊಟ್ಟಿರುವ ಸ್ಥಾನವನ್ನು ನಾನು ಬರೆದುಕೊಳ್ಳುತ್ತೇನೆ, ಆದರೆ ಹೆಚ್ಚು ನಂಬುವುದು ಎರಡು ಸಂಗತಿಗಳನ್ನು: ಯಾವ ಮಟ್ಟದ ಲೀಗಿನಲ್ಲಿ ಯಾವ ವಯಸ್ಸಿನಲ್ಲಿ ಆಡುತ್ತಿದ್ದಾನೆ, ಮತ್ತು ಚೆಂಡೆಸೆಯುವ ಪಿಚರ್ ಆಗಿದ್ದರೆ ಮೊಣಕೈ ಕತೆ ಏನು. ಎಳೆಯ ಪಿಚರ್‌ಗಳ ಮೊಣಕೈಯ ಮೇಲೆ ಭವಿಷ್ಯ ಕಟ್ಟುವ ಧೈರ್ಯ ನನಗಿಲ್ಲ. ಅವರನ್ನು ಕೊಟ್ಟಾಗ ಕಡಿಮೆ ನೋಯುತ್ತೇನೆ, ತಂದಾಗ ಕಡಿಮೆ ಕುಣಿಯುತ್ತೇನೆ.

2022ರ ಪುಟಗಳಲ್ಲಿ ಲೂಯಿಸ್ ಕ್ಯಾಸ್ಟಿಲ್ಲೊ ಎಂಬ ಪಿಚರ್‌ನದು ನನಗೆ ಇಷ್ಟದ್ದು. ನಮ್ಮ ತಂಡ ಸಿಯಾಟಲ್ ಮ್ಯಾರಿನರ್ಸ್ 2001ರ ನಂತರ ಅಕ್ಟೋಬರಿನ ಪ್ಲೇಆಫ್ ಕಂಡಿರಲಿಲ್ಲ. ಜುಲೈ ಕೊನೆಯಲ್ಲಿ ಸಿನ್ಸಿನಾಟಿಯಿಂದ ಕ್ಯಾಸ್ಟಿಲ್ಲೊನನ್ನು ತಂದು ನೊಯೆಲ್ವಿ ಮಾರ್ಟೆ, ಎಡ್ವಿನ್ ಅರೋಯೊ ಸೇರಿ ನಾಲ್ವರು ಎಳೆಯರನ್ನು ಕೊಟ್ಟರು. ಮಾರ್ಟೆ, ಅರೋಯೊ ಇಬ್ಬರೂ ಶಾರ್ಟ್‌ಸ್ಟಾಪ್‌ಗಳು (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಕ್ಷೇತ್ರರಕ್ಷಕರು), ಇಬ್ಬರ ಮೇಲೂ ದೊಡ್ಡ ಆಸೆಯಿತ್ತು. ಮಧ್ಯಾಹ್ನದ ಮೇಜಿನಲ್ಲಿ ದುಃಖದ ವಾತಾವರಣ. ನಾನು ಬರೆದದ್ದು ಇಷ್ಟು: ಕ್ಯಾಸ್ಟಿಲ್ಲೊ ಬಾಡಿಗೆಯವನಲ್ಲ, 2023ರ ಕೊನೆಯವರೆಗೆ ನಮ್ಮವನು, ಎರಡು ಅಕ್ಟೋಬರ್ ಸಿಗುತ್ತದೆ, ಮೇಲಾಗಿ ಸೆಪ್ಟೆಂಬರಿನೊಳಗೆ ಕೂರಿಸಿ ಹೊಸ ಕರಾರು ಮಾಡಿಕೊಳ್ಳುವ ಅವಕಾಶ. ಹಾಗೆಯೇ ಆಯಿತು. ಸೆಪ್ಟೆಂಬರಿನಲ್ಲಿ ಐದು ವರ್ಷಕ್ಕೆ 10.8 ಕೋಟಿ ಡಾಲರ್ ಕರಾರಾಯಿತು. ಟೊರೊಂಟೊದಲ್ಲಿ ನಡೆದ ವೈಲ್ಡ್ ಕಾರ್ಡ್ ಸರಣಿಯ (ಪ್ಲೇಆಫ್‌ನ ಮೊದಲ ಸುತ್ತು) ಮೊದಲ ಪಂದ್ಯದಲ್ಲಿ ಅವನು ಎಂಟನೇ ಇನ್ನಿಂಗ್ಸ್‌ವರೆಗೆ ಒಂದೂ ರನ್ ಬಿಟ್ಟುಕೊಡಲಿಲ್ಲ, ನಾವು 4–0 ಗೆದ್ದೆವು. ಆಮೇಲೆ ಮಾರ್ಟೆಗೆ 2024ರಲ್ಲಿ ಉದ್ದೀಪನ ಮದ್ದಿನ ಕಾರಣ 80 ಪಂದ್ಯಗಳ ನಿಷೇಧವಾಯಿತು, ಅರೋಯೊ ಭುಜದ ಶಸ್ತ್ರಚಿಕಿತ್ಸೆಗೆ ಒಂದು ಋತುವನ್ನೇ ಕಳೆದುಕೊಂಡ. ಇವನ್ನು ನಾನು ಲೆಕ್ಕಕ್ಕೆ ಸೇರಿಸುವುದಿಲ್ಲ. ಅಂದು ಅದು ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗರಿಬ್ಬರೂ ತಾರೆಗಳಾಗಿದ್ದರೂ ಜುಲೈಯ ತೀರ್ಮಾನ ಸರಿಯೇ ಆಗಿರುತ್ತಿತ್ತು.

ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ವಿನಿಮಯದ ಮಾತು ಎತ್ತಿದರೆ ಸಾಕು, 1997ಕ್ಕೆ ಹೋಗಿಬಿಡುತ್ತಾರೆ. ಆ ವರ್ಷ ಗೆಲ್ಲುತ್ತಿದ್ದ ಪಂದ್ಯಗಳನ್ನು ಕೊನೆಯ ಇನ್ನಿಂಗ್ಸ್‌ಗಳಲ್ಲಿ ಕೈಚೆಲ್ಲುತ್ತಿದ್ದ ಮ್ಯಾರಿನರ್ಸ್, ಹೀತ್‌ಕ್ಲಿಫ್ ಸ್ಲೋಕಂಬ್ ಎಂಬ, ಕೊನೆಯ ಇನ್ನಿಂಗ್ಸ್‌ನಲ್ಲಿ ಗೆಲುವು ಕಾಯುವ ಕ್ಲೋಸರ್‌ಗಾಗಿ ಬಾಸ್ಟನ್‌ಗೆ ಡೆರೆಕ್ ಲೋ ಮತ್ತು ಜೇಸನ್ ವ್ಯಾರಿಟೆಕ್ ಇಬ್ಬರನ್ನೂ ಕೊಟ್ಟಿತು. ಆ ಇಬ್ಬರೂ 2004ರಲ್ಲಿ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡ 86 ವರ್ಷಗಳ ನಂತರ ವಿಶ್ವ ಸರಣಿ (ಮೇಜರ್ ಲೀಗಿನ ಫೈನಲ್) ಗೆದ್ದಾಗ ಅಲ್ಲಿದ್ದರು. ಹಿರಿಯರ ಸಂಕಟ 2004ರದ್ದು. ನಾನು ಹಳೆಯ ಅಂಕಿಗಳನ್ನು ಹುಡುಕಿ, 1997ರ ಜುಲೈ 31ರಂದು ನಾನಿದ್ದಿದ್ದರೆ ಏನು ಬರೆಯುತ್ತಿದ್ದೆ ಎಂದು ಲೆಕ್ಕ ಹಾಕಿದೆ. ಬಾಸ್ಟನ್‌ನಲ್ಲಿ ಆ ವರ್ಷ ಸ್ಲೋಕಂಬ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಐದಕ್ಕೂ ಹೆಚ್ಚು ರನ್ ಬಿಟ್ಟುಕೊಡುತ್ತಿದ್ದ. ಕೊನೆಯ ಇನ್ನಿಂಗ್ಸ್ ಕಾಯಲು ಅಂಥವನಿಗೆ ಇಬ್ಬರು ಎಳೆಯರೇ? ಅಂದಿನ ತಿಳಿವಳಿಕೆಯಲ್ಲೂ ಅದು ಕೆಟ್ಟ ವ್ಯಾಪಾರ. ಹೀಗೆ ಹೇಳಿದಾಗ ಹಿರಿಯರಿಗೆ ಸಮಾಧಾನವಾಯಿತೋ ಸಿಟ್ಟು ಇಮ್ಮಡಿಯಾಯಿತೋ ತಿಳಿಯಲಿಲ್ಲ.

ಮರುವರ್ಷದ ವಿನಿಮಯ ಇದಕ್ಕೆ ತದ್ವಿರುದ್ಧ. 1998ರ ಜುಲೈ 31ರಂದು ರ‍್ಯಾಂಡಿ ಜಾನ್ಸನ್‌ನಂಥ ದೈತ್ಯ ಪಿಚರ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟರು. ಅವನು ಅಲ್ಲಿ 10 ಪಂದ್ಯ ಗೆಲ್ಲಿಸಿ ಒಂದರಲ್ಲಿ ಸೋತ. ಇಲ್ಲಿ ಊರಿಗೆ ಊರೇ ಶಾಪ ಹಾಕಿತು. ಆದರೆ ಅವನ ಕರಾರು ಮುಗಿಯುವುದರಲ್ಲಿತ್ತು, ಮ್ಯಾರಿನರ್ಸ್ ಸೋಲುತ್ತಿತ್ತು. ಬಂದವರು ಫ್ರೆಡ್ಡಿ ಗಾರ್ಸಿಯಾ, ಕಾರ್ಲೋಸ್ ಗಿಯೆನ್, ಜಾನ್ ಹಲಾಮ. ಮೂವರೂ 2001ರಲ್ಲಿ 116 ಪಂದ್ಯ ಗೆದ್ದ ತಂಡದಲ್ಲಿದ್ದರು. ಜಾನ್ಸನ್‌ನ ಎರಡು ತಿಂಗಳು ಕೊಟ್ಟು ಮೂವರ ಹಲವು ವರ್ಷ ಪಡೆದರು. ಮಾರುವ ತಂಡದ ಕಣ್ಣಿನಿಂದ ಲೆಕ್ಕ ನೋಡುವುದನ್ನು ನಾನು ಕಲಿತದ್ದು ಈ ಹಳೆಯ ಪುಟದಿಂದಲೇ.

ಅದಕ್ಕಾಗಿಯೇ ನಮ್ಮ ಮೇಜಿನಲ್ಲಿ ಯಾರಾದರೂ ಕಾಲ್ಪನಿಕ ವಿನಿಮಯ ಮುಂದಿಟ್ಟರೆ ಅದನ್ನು ತಿರುವಿ ಕೇಳುತ್ತೇನೆ: "ನೀವು ಆ ತಂಡದವರಾಗಿದ್ದರೆ ಒಪ್ಪುತ್ತಿದ್ದಿರಾ?" ಹತ್ತರಲ್ಲಿ ಒಂಬತ್ತು ಪ್ರಸ್ತಾಪಗಳು ಅಲ್ಲಿಗೇ ಬೀಳುತ್ತವೆ. ನಮ್ಮಲ್ಲಿ ಬೇಡವಾದ ಐವರನ್ನು ಕೊಟ್ಟು ಅವರ ಒಬ್ಬ ತಾರೆಯನ್ನು ತರುವುದು ಎಲ್ಲ ಊರಿನ ಅಭಿಮಾನಿಗಳ ಕನಸು. ಐದು ಸಾಧಾರಣರು ಸೇರಿ ಒಬ್ಬ ತಾರೆಯಾಗುವುದಿಲ್ಲ. ಪ್ರತಿ ತಂಡದ ಮುಖ್ಯ ಪಟ್ಟಿಯಲ್ಲಿ ಇರುವುದು 40 ಸ್ಥಾನ. ಸಾಧಾರಣರಿಗೆ ಜಾಗ ಮಾಡಲು ಅವರು ಯಾರನ್ನೋ ಹೊರಹಾಕಬೇಕಾಗುತ್ತದೆ.

ಎರಡೂ ಕಡೆಯಿಂದ ಸರಿಯಾಗಿ ಕಾಣುವ ವಿನಿಮಯವೂ ಉಂಟು ಎಂಬುದಕ್ಕೆ ನಾನು ಹ್ವಾನ್ ಸೋಟೊನ ಪುಟ ತೋರಿಸುತ್ತೇನೆ. 23 ವರ್ಷದ ಸೋಟೊ ವಾಷಿಂಗ್ಟನ್‌ನ 44 ಕೋಟಿ ಡಾಲರ್ ಕರಾರನ್ನು ಬೇಡವೆಂದಿದ್ದ. 2022ರ ಆಗಸ್ಟ್ 2ರಂದು ಅವನನ್ನು ಸ್ಯಾನ್ ಡಿಯಾಗೊಗೆ ಕೊಟ್ಟು ಸಿ.ಜೆ. ಏಬ್ರಮ್ಸ್, ಮೆಕೆಂಜಿ ಗೋರ್, ಜೇಮ್ಸ್ ವುಡ್ ಮೊದಲಾದವರನ್ನು ಪಡೆದರು. ಸ್ಯಾನ್ ಡಿಯಾಗೊ ಆ ಅಕ್ಟೋಬರಿನಲ್ಲೇ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡವನ್ನು ಪ್ಲೇಆಫ್‌ನಿಂದ ಮನೆಗೆ ಕಳಿಸಿತು. ಮೂವರು ಎಳೆಯರೂ ಮುಂದೆ ಲೀಗಿನ ಶ್ರೇಷ್ಠರ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದರು, ಆದರೂ ವಾಷಿಂಗ್ಟನ್ ಸೋಲುತ್ತಲೇ ಇತ್ತು. ಅವರು ಕೊಂಡ ವರ್ಷಗಳು ಒಳ್ಳೆಯವೇ, ಅವುಗಳ ಸುತ್ತ ತಂಡ ಕಟ್ಟಲಾಗಲಿಲ್ಲ.

ಅಂಕಿಗಳಿಗೆ ದಕ್ಕದ ಒಂದು ಸಾಲನ್ನೂ ಪ್ರತಿ ಪುಟದ ಕೆಳಗೆ ಬಿಡುತ್ತೇನೆ. ಇದಕ್ಕೆ ಕಾರಣ 2021ರ ಜುಲೈ. 26ನೇ ತಾರೀಖು ಹ್ಯೂಸ್ಟನ್ ವಿರುದ್ಧ 0–7 ಹಿಂದಿದ್ದ ಮ್ಯಾರಿನರ್ಸ್, ಡಿಲನ್ ಮೂರ್ ಹೊಡೆದ, ಒಂದೇ ಹೊಡೆತಕ್ಕೆ ನಾಲ್ಕು ರನ್ ತರುವ ಗ್ರ್ಯಾಂಡ್ ಸ್ಲ್ಯಾಮ್‌ನಿಂದ 11–8 ಗೆದ್ದಿತು. ಮರುದಿನವೇ, ಅದೇ ಸರಣಿ ನಡೆಯುತ್ತಿರುವಾಗಲೇ, ಆಟಗಾರರ ಅಚ್ಚುಮೆಚ್ಚಿನ ಕ್ಲೋಸರ್ ಕೆಂಡಲ್ ಗ್ರೇವ್‌ಮನ್‌ನನ್ನು ಅದೇ ಹ್ಯೂಸ್ಟನ್‌ಗೆ ಕೊಟ್ಟರು! ಬದಲಿಗೆ ಬಂದ ಏಬ್ರಹಾಂ ಟೋರೊ ಇನ್ನೂ ಹಲವು ವರ್ಷ ತಂಡದ ಹತೋಟಿಯಲ್ಲಿರುತ್ತಿದ್ದ. ಗ್ರೇವ್‌ಮನ್ ಕರಾರು ಅದೇ ವರ್ಷ ಮುಗಿಯುತ್ತಿತ್ತು. ವರ್ಷಗಳ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಡ್ರೆಸ್ಸಿಂಗ್ ರೂಮಿನ ಸಿಟ್ಟು ಪತ್ರಿಕೆಗಳವರೆಗೆ ಬಂತು. ಆ ವರ್ಷ ತಂಡ 90 ಪಂದ್ಯ ಗೆದ್ದೂ ಎರಡೇ ಪಂದ್ಯದ ಅಂತರದಲ್ಲಿ ಪ್ಲೇಆಫ್ ತಪ್ಪಿಸಿಕೊಂಡಿತು. ಆ ವಿನಿಮಯದಿಂದಲೇ ತಪ್ಪಿತು ಎನ್ನುವವರನ್ನು ನಾನು ಒಪ್ಪುವುದಿಲ್ಲ, ಅದು ಏನೂ ಅಲ್ಲ ಎನ್ನುವವರನ್ನೂ ಒಪ್ಪುವುದಿಲ್ಲ. ತಮಾಷೆಯೆಂದರೆ ಗ್ರೇವ್‌ಮನ್ ಜೊತೆ ಕೊಸರಿನಂತೆ ಹೋದ ರಾಫೆಲ್ ಮಾಂಟೆರೊ, ಸಿಯಾಟಲ್ ಅಷ್ಟರಲ್ಲಿ ಕೈಬಿಟ್ಟಿದ್ದವನು, ಮರುವರ್ಷ ವಿಶ್ವ ಸರಣಿ ಗೆದ್ದ ಹ್ಯೂಸ್ಟನ್ ತಂಡದ ನಂಬಿಕೆಯ ಪಿಚರ್ ಆದ.

2022ರಿಂದ ಮಾರುಕಟ್ಟೆಯೇ ಬದಲಾಗಿದೆ. ಪ್ಲೇಆಫ್‌ಗೆ ಈಗ 12 ತಂಡಗಳು ಹೋಗುತ್ತವೆ, ಜುಲೈ ಕೊನೆಗೂ ಬಹಳ ತಂಡಗಳಿಗೆ ಆಸೆ ಸತ್ತಿರುವುದಿಲ್ಲ. ಮಾರುವವರು ಕಡಿಮೆ, ಕೊಳ್ಳುವವರು ಹೆಚ್ಚು, ಬೆಲೆ ಏರುತ್ತದೆ. ಹೀಗಾಗಿ ಈಚೆಗೆ ನಾನು ಜೂನ್‌ನಲ್ಲೇ ಯಾರ ಅಂಗಡಿ ತೆರೆಯಬಹುದು ಎಂದು ನೋಡತೊಡಗುತ್ತೇನೆ. 2025ರಲ್ಲಿ ಅರಿಜೋನಾದ ಮುಖ್ಯ ಪಿಚರ್ ಕಾರ್ಬಿನ್ ಬರ್ನ್ಸ್ ಜೂನ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದಾಗಲೇ ಅವರ ಪಟ್ಟಿಯನ್ನು ತೆರೆದು ಕೂತಿದ್ದೆ. ಕರಾರು ಮುಗಿಯುತ್ತಿದ್ದ ಇಬ್ಬರು ಅಲ್ಲಿದ್ದರು: ಜಾಶ್ ನೇಲರ್ ಮತ್ತು ಯುಹೆನಿಯೊ ಸುವಾರೆಸ್. ಮ್ಯಾರಿನರ್ಸ್ ಇಬ್ಬರನ್ನೂ ತಂದಿತು.

ನಮ್ಮ ತವರು ಮೈದಾನ ಟಿ-ಮೊಬೈಲ್ ಪಾರ್ಕ್ ಬ್ಯಾಟರ್‌ಗಳ ಶತ್ರು. ಸಮುದ್ರದ ಕಡೆಯ ತಂಪು ಗಾಳಿಯಲ್ಲಿ ಚೆಂಡು ದೂರ ಹೋಗುವುದಿಲ್ಲ, ಬೇರೆಡೆ ಗೋಡೆ ದಾಟುವ ಹೊಡೆತ ಇಲ್ಲಿ ಕೈಸೇರುತ್ತದೆ. ಸ್ವತಂತ್ರರಾಗಿರುವ ಬ್ಯಾಟರ್‌ಗಳು ಇಲ್ಲಿಗೆ ಬರಲು ಹಿಂಜರಿಯುತ್ತಾರೆ. ಆದ್ದರಿಂದಲೇ ಈ ತಂಡ ಬ್ಯಾಟಿಂಗ್ ಬಲವನ್ನು ವಿನಿಮಯದಿಂದ ತರಬೇಕಾಗುತ್ತದೆ. ಸುವಾರೆಸ್ ಆ ಹೊತ್ತಿಗೆ 36 ಹೋಮ್ ರನ್ ಹೊಡೆದಿದ್ದ. ನನ್ನ ಪುಟದಲ್ಲಿ ಅದಕ್ಕಿಂತ ಮುಖ್ಯವಾದದ್ದು, ಅವನು 2022 ಮತ್ತು 2023ರಲ್ಲಿ ಇದೇ ಮೈದಾನವನ್ನು ತವರಾಗಿಟ್ಟುಕೊಂಡು ನಮ್ಮ ಪರವಾಗಿ ಆಡಿ 31 ಮತ್ತು 22 ಹೋಮ್ ರನ್ ಹೊಡೆದಿದ್ದ ಎಂಬುದು. ಈ ಗಾಳಿಯನ್ನು ಅವನು ಬಲ್ಲ. ಹಾಗಾಗಿ "ಬಾಡಿಗೆ, ಆದರೆ ಕೊಟ್ಟದ್ದು ಕಡಿಮೆ, ಕೊಳ್ಳಿ" ಎಂದು ಬರೆದೆ. ನೇಲರ್ ಪುಟದಲ್ಲೂ ಹೆಚ್ಚುಕಡಿಮೆ ಅದೇ ಮಾತು. ಇಬ್ಬರಿಗೂ ಸೇರಿ ಕೊಟ್ಟವರಲ್ಲಿ ತಂಡದ ಅತಿ ಬೆಲೆಬಾಳುವ ಎಳೆಯರು ಯಾರೂ ಇರಲಿಲ್ಲ.

ನೇಲರ್ ನೋಡಲು ಓಡುವವನಂತಿಲ್ಲ, ಗುಂಡುಗುಂಡಗೆ ಇದ್ದಾನೆ. ಆದರೂ ಇಲ್ಲಿಗೆ ಬಂದು ಒಮ್ಮೆಯೂ ಸಿಕ್ಕಿಬೀಳದೆ 19 ಬೇಸ್ ಕದ್ದ, ಅಂದರೆ ಎದುರಾಳಿಯ ಕಣ್ತಪ್ಪಿಸಿ ಮುಂದಿನ ಬೇಸ್‌ಗೆ ಓಡಿದ. ಅಂಥದ್ದನ್ನು ಯಾವ ಲೆಕ್ಕಪುಸ್ತಕವೂ ಮೊದಲೇ ಹೇಳಲಾರದು. ತಂಡ 2001ರ ನಂತರ ಮೊದಲ ಬಾರಿ ತನ್ನ ವಿಭಾಗದಲ್ಲಿ ಅಗ್ರಸ್ಥಾನ ಪಡೆಯಿತು. ನವೆಂಬರಿನಲ್ಲಿ ನೇಲರ್ ಜೊತೆ ಐದು ವರ್ಷಗಳ ಕರಾರಾಯಿತು. ಮೂರು ತಿಂಗಳಿಗೆಂದು ತಂದವನು ಹೀಗೆ ಉಳಿದ.

ಸುವಾರೆಸ್ ಬಗ್ಗೆ ಮಾತ್ರ ಮೇಜಿನಲ್ಲಿ ಇನ್ನೂ ಒಮ್ಮತವಿಲ್ಲ. ಬಂದ ಮೇಲೆ 13 ಹೋಮ್ ರನ್ ಹೊಡೆದ, ಆದರೆ ಬ್ಯಾಟಿಂಗ್ ಸರಾಸರಿ .189ಕ್ಕೆ, ಅಂದರೆ ಹತ್ತು ಸರದಿಗಳಲ್ಲಿ ಎರಡೂ ಹೊಡೆತ ಫಲಿಸದಷ್ಟಕ್ಕೆ ಇಳಿಯಿತು. ಟೊರೊಂಟೊ ವಿರುದ್ಧದ ಅಮೆರಿಕನ್ ಲೀಗ್ (ಮೇಜರ್ ಲೀಗಿನ ಎರಡು ಭಾಗಗಳಲ್ಲಿ ಒಂದು) ಅಂತಿಮ ಸರಣಿಯ ಐದನೇ ಪಂದ್ಯದಲ್ಲಿ ಎರಡು ಹೋಮ್ ರನ್ ಹೊಡೆದ. ಒಂದು ಎಂಟನೇ ಇನ್ನಿಂಗ್ಸ್‌ನ ಗ್ರ್ಯಾಂಡ್ ಸ್ಲ್ಯಾಮ್. ಆ ರಾತ್ರಿ ನಾವು ವಿಶ್ವ ಸರಣಿಯಿಂದ ಒಂದು ಗೆಲುವಿನ ದೂರದಲ್ಲಿದ್ದೆವು, ಈ ತಂಡ ಹಿಂದೆಂದೂ ಅಷ್ಟು ಹತ್ತಿರ ಹೋಗಿರಲಿಲ್ಲ. ಮುಂದಿನ ಎರಡೂ ಪಂದ್ಯ ಸೋತೆವು. ನನ್ನ ಎದುರು ಕೂರುವ ಸಹೋದ್ಯೋಗಿ .189 ತೋರಿಸಿ ದುಡ್ಡು ದಂಡ ಎನ್ನುತ್ತಾರೆ. ಬಾಡಿಗೆಯವನನ್ನು ತರುವುದೇ ಅಂಥ ಒಂದು ರಾತ್ರಿಗಾಗಿ ಎಂದು ನಾನು ಹೇಳುತ್ತೇನೆ. ಅವರು ಒಪ್ಪಿಲ್ಲ.