ಹುಲಿಯಿಂದ ಹೊರಟು ಲಿಸ್ಬನ್‌ವರೆಗೆ: ನಾನು ಪುಸ್ತಕ ಹುಡುಕುವ ರೀತಿ

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು ನಾನು. ಹೋಗಲು ಹೆಚ್ಚುಕಮ್ಮಿ ಒಂದೂವರೆ ಗಂಟೆ, ಬರಲು ಅಷ್ಟೇ. ಸಿಗ್ನಲ್ ಸಿಗದೆ ನಿಂತರೆ ಇನ್ನೂ ಜಾಸ್ತಿ. ಸೀಟು ಸಿಕ್ಕಿದ ದಿನ ಕೂತು ಓದುತ್ತೇನೆ, ಸಿಗದ ದಿನ ಬಾಗಿಲ ಪಕ್ಕ ಒರಗಿಕೊಂಡು ಓದುತ್ತೇನೆ. ಹೀಗೆ ಓದುವವನಿಗೆ ಪುಸ್ತಕ ಮುಗಿಯುತ್ತಲೇ ಇರುತ್ತದೆ. ಮುಂದಿನದು ಯಾವುದು ಅನ್ನುವುದೇ ದೊಡ್ಡ ತಲೆನೋವು.

ಕೆಲವು ವರ್ಷಗಳ ಹಿಂದಿನವರೆಗೆ ಆ ತಲೆನೋವು ಇರಲಿಲ್ಲ. ಯಾಕೆಂದರೆ ಓದುತ್ತಿದ್ದದ್ದು ಒಂದೇ ಥರದ್ದು: ಕಾಡು, ಬೇಟೆ, ಹುಲಿ. ಕೆನೆತ್ ಆಂಡರ್ಸನ್ನರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವ 'ಕಾಡಿನ ಕತೆಗಳು' ಮಾಲೆ ಗೊತ್ತಲ್ಲ, ಅದರ 'ಜಾಲಹಳ್ಳಿಯ ಕುರ್ಕ'ವನ್ನು ಓದುತ್ತಾ ಕೂತಿದ್ದಾಗ ಒಮ್ಮೆ ರೈಲು ಚಿಕ್ಕಬಾಣಾವರ ದಾಟಿ ಅದೇ ಸೀಮೆಯೊಳಗೆ ಹೋಗುತ್ತಿತ್ತು. ಕಿಟಕಿಯಾಚೆ ಅಪಾರ್ಟ್‌ಮೆಂಟು, ತೊಡೆಯ ಮೇಲೆ ಚಿರತೆ. ಆ ರುಚಿ ಹತ್ತಿದ ಮೇಲೆ ಬೇರೆ ಏನೂ ಬೇಡ ಅನ್ನಿಸಿತ್ತು. ಆನ್‌ಲೈನ್ ಅಂಗಡಿಯೂ ಇದಕ್ಕೆ ಚೆನ್ನಾಗಿ ಕುಮ್ಮಕ್ಕು ಕೊಟ್ಟಿತು. ಒಂದು ಹುಲಿ ಕೊಂಡವನಿಗೆ ಇನ್ನೂ ಹತ್ತು ಹುಲಿ ತೋರಿಸುತ್ತಿತ್ತು. ಹತ್ತನ್ನೂ ಓದಿದೆ. ಹನ್ನೊಂದನೆಯ ಹುಲಿ ಬರುವ ಹೊತ್ತಿಗೆ, ಅದು ಎಲ್ಲಿ ಅಡಗಿದೆ, ಯಾವಾಗ ಹಾರುತ್ತದೆ ಅಂತ ನನಗೇ ಮೊದಲು ಗೊತ್ತಾಗುತ್ತಿತ್ತು.

ಸರಿ, ಬೇರೆ ಬೇರೆ ಥರದ್ದು ಓದೋಣ ಅಂತ ಹೊರಟೆ. ಮಾಡಿದ ಮೊದಲ ತಪ್ಪೇ ಪಟ್ಟಿ. 'ಓದಲೇಬೇಕಾದ ನೂರು ಪುಸ್ತಕ' ಅನ್ನುವಂಥ ಒಂದು ಪಟ್ಟಿ ಹಿಡಿದು, ರಿಯಾಯಿತಿ ಇದ್ದ ವಾರ ಒಂಬತ್ತು ಪುಸ್ತಕ ಒಟ್ಟಿಗೆ ತರಿಸಿದೆ. ಮಹಾಕಾದಂಬರಿ, ಇತಿಹಾಸ, ತತ್ವಶಾಸ್ತ್ರ, ಎಲ್ಲಾ ಇತ್ತು. ಒಂದರಲ್ಲೂ ಮೂವತ್ತು ಪುಟ ದಾಟಲಿಲ್ಲ. ಪುಸ್ತಕಗಳದ್ದೇನೂ ತಪ್ಪಿಲ್ಲ, ಅದರಲ್ಲಿ ಎರಡನ್ನು ಆಮೇಲೆ ಕುಣಿದುಕೊಂಡು ಓದಿದ್ದೇನೆ. ಆದರೆ ಆ ದಿನ ನನ್ನ ಹೊಟ್ಟೆಯಲ್ಲಿ ಅವುಗಳಿಗೆ ಹಸಿವೇ ಇರಲಿಲ್ಲ. ಒಂಬತ್ತೂ ಮಂಚದ ಕೆಳಗೆ ಹೋದವು. ಮನೆಯಾಕೆ ಗುಡಿಸುವಾಗಲೆಲ್ಲ ಅವನ್ನು ಪೊರಕೆಯಿಂದ ತಟ್ಟಿ ನನ್ನ ಮುಖ ನೋಡುತ್ತಿದ್ದಳು.

ದಾರಿ ಬದಲಾದದ್ದು ರೈಲಿನಲ್ಲೇ. ಕ್ಯಾತ್ಸಂದ್ರದಲ್ಲಿ ಹತ್ತುವ ಯಜಮಾನರೊಬ್ಬರಿದ್ದರು. ತೋಟಗಾರಿಕೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಮಗಳ ಮನೆಗೆ ಓಡಾಡುತ್ತಿದ್ದರು. ಎದುರು ಸೀಟಿನಿಂದ ನನ್ನ ಪುಸ್ತಕದ ಮುಖಪುಟ ನೋಡಿ, "ಏನಪ್ಪಾ, ಇನ್ನೂ ಹುಲಿ ಹೊಡೀತಾನೇ ಇದೀಯಾ?" ಅಂದರು.

"ಬೇರೆ ಏನು ಓದಬೇಕು ಅಂತಾನೇ ಗೊತ್ತಾಗ್ತಿಲ್ಲ ಸಾರ್."

"ಅದಿರಲಿ, ಇವತ್ತು ಡಬ್ಬೀಲಿ ಏನಿದೆ?"

"ಚಪಾತಿ, ಆಲೂಗೆಡ್ಡೆ ಪಲ್ಯ. ಕಡ್ಲೆಕಾಯಿ ಚಟ್ನಿ."

"ಆ ಪಲ್ಯ, ಚಟ್ನಿಯಲ್ಲಿ ನಮ್ಮ ದೇಶದ್ದು ಏನಿದೆ ಹೇಳು ನೋಡೋಣ."

ನಾನು ಸುಮ್ನೆ ನಕ್ಕೆ. ಅವರು ನಗಲಿಲ್ಲ. ಆಲೂಗೆಡ್ಡೆ, ಕಡ್ಲೆಕಾಯಿ, ಹಸಿಮೆಣಸಿನಕಾಯಿ, ಬೆಳಗ್ಗೆ ತಿಂದ ಟೊಮೇಟೊ ಬಾತಿನ ಟೊಮೇಟೊ ಅಂತ ಬೆರಳು ಮಡಚುತ್ತಾ, ಎಲ್ಲವೂ ಅಮೆರಿಕ ಖಂಡಗಳ ಕಡೆಯಿಂದ ಹಡಗು ಹತ್ತಿ ಬಂದವು ಅಂದರು. ಮೆಣಸಿನಕಾಯಿಯೂ ಅಂದಾಗ ನಾನು ನಂಬಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವರು ಅಷ್ಟು ಬೇಗ ನಂಬುವ ಮಾತೇ ಅದು? ಮಾರನೇ ದಿನ ಅವರು ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ತಂದುಕೊಟ್ಟರು. ಸಸ್ಯಶಾಸ್ತ್ರದ ಪುಸ್ತಕ! ಪಿಯುಸಿಯಲ್ಲಿ ಬಯಾಲಜಿ ಕಂಡರೆ ಓಡುತ್ತಿದ್ದವನು ಎರಡೇ ದಿನದಲ್ಲಿ ಮುಗಿಸಿದೆ.

ಆವತ್ತಿನಿಂದ ನಾನು ಹಿಡಿದದ್ದು ಒಂದೇ ದಾರಿ. 'ಒಳ್ಳೆ ಪುಸ್ತಕ' ಹುಡುಕುವುದನ್ನು ಬಿಟ್ಟೆ. ಓದುತ್ತಿರುವ ಪುಸ್ತಕ ತಲೆಯಲ್ಲಿ ಎಬ್ಬಿಸಿದ ಪ್ರಶ್ನೆಯ ಬೆನ್ನು ಹತ್ತಿದೆ. ಪ್ರಶ್ನೆಗೆ ಪ್ರಕಾರದ ಹಂಗಿಲ್ಲ. ವಿಜ್ಞಾನದಲ್ಲಿ ಹುಟ್ಟಿದ್ದು ಕಾದಂಬರಿಗೆ ನುಗ್ಗುತ್ತದೆ, ಅಲ್ಲಿಂದ ಇತಿಹಾಸಕ್ಕೆ ಹಾರುತ್ತದೆ.

ಹೇಗೆ ಅಂತ ಆ ಮೆಣಸಿನಕಾಯಿಯನ್ನೇ ಹಿಡಿದು ಹೇಳುತ್ತೇನೆ. ಸ್ವಾಮಿಯವರ ಬರವಣಿಗೆಯ ತಮಾಷೆ ಹಿಡಿಸಿತು, ಹಾಗಾಗಿ ಅವರ 'ಹಸುರು ಹೊನ್ನು' ತಂದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ ಗಿಡಮರ ನೋಡಿದ ಕತೆ ಅದು, ಚಿತ್ರಗಳನ್ನೂ ಅವರೇ ಬರೆದಿದ್ದಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೇ. ನನಗೆ ಮತ್ತೆ ಕಾಡು ಸಿಕ್ಕಿತು, ಆದರೆ ಈ ಸಲ ಬಂದೂಕಿಲ್ಲದೆ. ಇನ್ನೊಂದು ಕಡೆ, ಆ ದಕ್ಷಿಣ ಅಮೆರಿಕ ಅನ್ನುವುದು ಹೇಗಿದೆ ನೋಡಬೇಕು ಅನ್ನಿಸಿತು. ಗಾಂಧಿ ಬಜಾರಿನ ಅಂಕಿತ ಪುಸ್ತಕಕ್ಕೆ ಹೋಗಿ ಪ್ರವಾಸ ಕಥನದ ಕಪಾಟಿನ ಮುಂದೆ ನಿಂತೆ. ನೇಮಿಚಂದ್ರ ಅವರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಸಿಕ್ಕಿತು. ಅದಾದ ಮೇಲೆ ಅವರದೇ 'ಯಾದ್ ವಶೇಮ್', ಹಿಟ್ಲರನ ಜರ್ಮನಿಯಿಂದ ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯ ಕಾದಂಬರಿ. ಅದನ್ನು ಮುಗಿಸಿದ ದಿನ ಯಶವಂತಪುರದಲ್ಲಿ ಇಳಿಯಬೇಕಾದವನು ಮಲ್ಲೇಶ್ವರಕ್ಕೆ ಹೋಗಿದ್ದೆ.

ಮೆಣಸಿನಕಾಯಿಯನ್ನು ನಮ್ಮ ಕಡೆಗೆ ತಂದವರು ಪೋರ್ಚುಗೀಸರು ಅನ್ನುವುದು ಇನ್ನೊಂದು ಎಳೆ. ಯಾರು ಇವರು, ನಮ್ಮ ಸೀಮೆಯಲ್ಲಿ ಏನು ಮಾಡುತ್ತಿದ್ದರು? ಅದು ನನ್ನನ್ನು ವಸುಧೇಂದ್ರರ 'ತೇಜೋ-ತುಂಗಭದ್ರಾ'ಗೆ ಕರೆದುಕೊಂಡು ಹೋಯಿತು. 2019ರಲ್ಲಿ ಬಂದ ಕಾದಂಬರಿ. ತೇಜೋ ಅಂದರೆ ಲಿಸ್ಬನ್ ಪಕ್ಕ ಹರಿಯುವ ನದಿ. ಅಲ್ಲಿಂದ ಗೋವಾ, ಅಲ್ಲಿಂದ ವಿಜಯನಗರ. ಓದಿ ಮುಗಿಸಿದವನಿಗೆ, ಇದರಲ್ಲಿ ಎಷ್ಟು ನಿಜ ಅನ್ನುವ ಕೆಟ್ಟ ಕುತೂಹಲ. ಅದಕ್ಕೆ ರಾಬರ್ಟ್ ಸೆವೆಲ್ 1900ರಲ್ಲಿ ವಿಜಯನಗರದ ಬಗ್ಗೆ ಬರೆದ ಇತಿಹಾಸ ಹಿಡಿದೆ. ಇಂಗ್ಲಿಷಿನದು, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಇದೆ. ಕೃಷ್ಣದೇವರಾಯನ ಕಾಲದಲ್ಲಿ ಊರು ನೋಡಿಹೋದ ಡೊಮಿಂಗೊ ಪಾಯೆಸ್‌ನ ಬರಹ ಅದರ ಕೊನೆಯಲ್ಲಿದೆ. ಪಾಯೆಸ್ ಬೆಟ್ಟ ಹತ್ತಿ ಊರನ್ನು ನೋಡಿ ರೋಮ್‌ನಷ್ಟು ದೊಡ್ಡದು ಅನ್ನುತ್ತಾನೆ. ಫೋನಿನಲ್ಲಿ ಇಂಗ್ಲಿಷ್ ಇತಿಹಾಸ ಓದುತ್ತಾ ದಾಬಸ್‌ಪೇಟೆ ಬಂದದ್ದು ಗೊತ್ತಾಗದ ಮನುಷ್ಯ ನಾನೇನಾ ಅನ್ನಿಸಿತ್ತು.

ಹುಲಿಯಿಂದ ಶುರುವಾಗಿ ಪಲ್ಯದ ಮೇಲೆ ಹಾದು ಹಂಪಿಗೆ ಬಂದೆ. ಯಾವ ಪಟ್ಟಿಯೂ ಈ ದಾರಿ ತೋರಿಸುತ್ತಿರಲಿಲ್ಲ.

ಪ್ರಶ್ನೆ ಹುಟ್ಟದ ದಿನಗಳೂ ಇರುತ್ತವೆ. ಆಗ ನಾನು ಲೈಬ್ರರಿಗೆ ಹೋಗುತ್ತೇನೆ, ಆದರೆ ಕಪಾಟಿನ ಹತ್ತಿರ ಹೋಗುವುದಿಲ್ಲ. ಜನ ವಾಪಸ್ ಕೊಟ್ಟ ಪುಸ್ತಕಗಳು ಕೌಂಟರಿನ ಪಕ್ಕ ಮೇಜಿನ ಮೇಲೆ ಬಿದ್ದಿರುತ್ತವಲ್ಲ, ಇನ್ನೂ ಜಾಗಕ್ಕೆ ಇಟ್ಟಿರುವುದಿಲ್ಲ, ಅದನ್ನು ಕೆದಕುತ್ತೇನೆ. ಕಪಾಟಿನಲ್ಲಿ ಕಾದಂಬರಿಯ ಪಕ್ಕ ಕಾದಂಬರಿಯೇ ಇರುತ್ತದೆ. ಆ ಮೇಜಿನ ಮೇಲೆ ಜೇನು ಸಾಕಣೆಯ ಮೇಲೆ ವಚನ, ವಚನದ ಮೇಲೆ ಪತ್ತೇದಾರಿ. ಊರಿನ ಜನ ನಿಜವಾಗಿ ಏನು ಓದುತ್ತಿದ್ದಾರೆ ಅನ್ನುವುದೂ ಅಲ್ಲೇ ಕಾಣುತ್ತದೆ.

ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ನನಗೆ ಸಿಕ್ಕಿದ್ದು ಅಂಥ ಮೇಜಿನ ಮೇಲೆ. ಬೆನ್ನು ಕಿತ್ತುಹೋಗಿ ಬಟ್ಟೆಯ ಪಟ್ಟಿ ಅಂಟಿಸಿದ್ದರು. ಒಳಗೆ ತಾರೀಖಿನ ಚೀಟಿಯಲ್ಲಿ ಮುದ್ರೆ ಹಾಕಲು ಜಾಗವೇ ಇರಲಿಲ್ಲ, ಅಂಚಿನಲ್ಲಿ ಪೆನ್ನಿನಿಂದ ಬರೆದಿದ್ದರು. ಅಷ್ಟು ಜನ ಒಯ್ದಿದ್ದಾರೆ ಅಂದಮೇಲೆ ಏನೋ ಇರಬೇಕು ಅಂತ ತಂದೆ. ಅಲ್ಲಿಯವರೆಗೆ ಕಾರಂತರು ಅಂದರೆ ನನಗೆ ಕಾದಂಬರಿ, 'ಮೂಕಜ್ಜಿಯ ಕನಸುಗಳು', 1977ರ ಜ್ಞಾನಪೀಠ. ಮಕ್ಕಳಿಗೆ 'ಬಾಲಪ್ರಪಂಚ' ಬರೆದದ್ದು, ವಿಜ್ಞಾನ ಬರೆದದ್ದು, ಯಕ್ಷಗಾನಕ್ಕೆ ಅಷ್ಟು ತಲೆ ಕೊಟ್ಟದ್ದು ಯಾವುದೂ ಗೊತ್ತಿರಲಿಲ್ಲ. ಅವರಿಗೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೇ 'ಯಕ್ಷಗಾನ ಬಯಲಾಟ'ಕ್ಕೆ, ಕಾದಂಬರಿಗಲ್ಲ. ಹೀಗಾಗಿ ಈಗ ಯಾವ ಲೇಖಕರು ಹಿಡಿಸಿದರೂ ಮೊದಲು 'ಲೇಖಕರ ಇತರ ಕೃತಿಗಳು' ಪುಟ ತೆಗೆದು, ಅದರಲ್ಲಿ ನನಗೆ ಅತಿ ದೂರದ್ದು ಯಾವುದು ಅಂತ ನೋಡುತ್ತೇನೆ. ಹತ್ತಿರದ್ದು ಹೇಗೂ ಒಂದಲ್ಲ ಒಂದು ದಿನ ಓದುತ್ತೇನೆ.

ಒಂದು ದೂರು ಇದೆ. ಒಂದು ಊರಿನ ಲೈಬ್ರರಿಯಲ್ಲಿ ಕಪಾಟುಗಳಿಗೆಲ್ಲ ಬೀಗ. ಹೆಸರು ಬರೆದುಕೊಟ್ಟರೆ ತೆಗೆದುಕೊಡುತ್ತೇವೆ ಅಂದರು. ಹೆಸರು ಗೊತ್ತಿದ್ದರೆ ನಾನು ಅಲ್ಲಿಗೆ ಯಾಕೆ ಹೋಗುತ್ತಿದ್ದೆ? ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಲೈಬ್ರರಿ ಹೇಗಿರಬೇಕು ಅನ್ನುವ ತಮ್ಮ ಐದು ಸೂತ್ರಗಳನ್ನು 1931ರಲ್ಲೇ ಬರೆದಿಟ್ಟರು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುವುದು ಮೂರನೆಯದು, ಕಪಾಟು ತೆರೆದಿರಬೇಕು ಅಂತ ಅವರು ಹಟ ಹಿಡಿದದ್ದೂ ಅದಕ್ಕೇ. ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ.

ನಾಟಕ ಓದಲು ಶುರು ಮಾಡಿದ್ದಕ್ಕೆ ಕಾರಣ ಬಹಳ ಸಣ್ಣದು. ಒಂದು ಹೋಗಿಬರುವ ಪ್ರಯಾಣದಲ್ಲಿ ಒಂದು ನಾಟಕ ಮುಗಿಯುತ್ತದೆ. ಬೆಳಗ್ಗೆ 'ತುಘಲಕ್' ಹಿಡಿದರೆ ಸಂಜೆ ತುಮಕೂರು ಬರುವಷ್ಟರಲ್ಲಿ ದೌಲತಾಬಾದ್ ಮುಗಿದಿರುತ್ತದೆ. ಧಾರವಾಡಕ್ಕೆ ಮದುವೆಗೆ ಹೋದಾಗ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ, ಕಾರ್ನಾಡರ ನಾಟಕಗಳು ಹೊರಬಂದದ್ದು ಅಲ್ಲಿಂದಲೇ. ಊಟದ ಪಂಕ್ತಿ ತಪ್ಪಿತು, ಚೀಲ ತುಂಬಿತು. ಪ್ರಕಾಶಕರ ಹೆಸರನ್ನೂ ನೋಡಬೇಕು ಅಂತ ತಿಳಿದದ್ದು ಆಗ. ಹೆಗ್ಗೋಡಿನ ಅಕ್ಷರ ಪ್ರಕಾಶನದ ಪುಸ್ತಕಪಟ್ಟಿ ತರಿಸಿಕೊಂಡರೆ ರಂಗಭೂಮಿಯದ್ದೇ ಒಂದು ಲೋಕ. ವಿಜ್ಞಾನ ಬೇಕಿದ್ದರೆ ನವಕರ್ನಾಟಕ. ಹೊಸಬರ ಕತೆ ಬೇಕಿದ್ದರೆ ಛಂದ ಪುಸ್ತಕ.

ಕವಿತೆ ಮಾತ್ರ ಕಣ್ಣಿನಿಂದ ಒಳಗೆ ಬರಲಿಲ್ಲ, ಕಿವಿಯಿಂದ ಬಂತು. ಮನೆಯಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಇತ್ತು, 1978ರದ್ದು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಹಾಡುಗಳೆಲ್ಲ ಬಾಯಿಪಾಠ. ಹಾಡಾಗದೆ ಉಳಿದ ನಿಸಾರ್ ಅಹಮದ್ ಕವಿತೆಗಳು ಹೇಗಿವೆ ಅಂತ ನೋಡಲು ಹೋಗಿ 'ಮನಸು ಗಾಂಧಿಬಜಾರು' ಸಂಕಲನದವರೆಗೆ ಬಂದೆ. ಈಗಲೂ ಹೊಸ ಕವಿಯನ್ನು ಮೊದಲು ಯಾರಾದರೂ ಓದುವುದನ್ನು ಕೇಳಿ, ಆಮೇಲೆ ಪುಸ್ತಕ ತೆಗೆಯುತ್ತೇನೆ.

ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ಬಗ್ಗೆ ಒಂದೇ ಮಾತು: ಕೊಳ್ಳುವ ಮೊದಲು ಭಾಗ ಒಂದೋ ಎರಡೋ ನೋಡಿ. ನಾನು ನೋಡದೆ ಎರಡನೇ ಭಾಗ ತಂದು, ಮೊದಲನೆಯದಕ್ಕೆ ವರ್ಷಗಟ್ಟಲೆ ಅಲೆದಿದ್ದೇನೆ. ಎನ್. ನರಸಿಂಹಯ್ಯನವರ ಪತ್ತೇದಾರಿಗಳು ಕಂಡರಂತೂ ಎರಡನೇ ಸಲ ಯೋಚಿಸುವುದಿಲ್ಲ. ರೈಲಿಗೆ ಅದಕ್ಕಿಂತ ಒಳ್ಳೆ ಜೋಡಿ ಇಲ್ಲ.

ನನ್ನ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಅದರಲ್ಲಿ ಮೂರೇ ಕಾಲಂ. ಪುಸ್ತಕ ಯಾವುದು, ಯಾರಿಂದ ಅಥವಾ ಎಲ್ಲಿಂದ ಗೊತ್ತಾಯಿತು, ಯಾಕೆ ಓದಬೇಕು ಅನ್ನಿಸಿತು. ಮೂರನೇ ಕಾಲಂ ತುಂಬಲು ಆಗದಿದ್ದರೆ ಕೊಳ್ಳುವುದಿಲ್ಲ. 'ಎಲ್ಲರೂ ಓದುತ್ತಿದ್ದಾರೆ' ಅನ್ನುವುದನ್ನು ಕಾರಣ ಅಂತ ಬರೆಯುವ ಹಾಗಿಲ್ಲ. ಯಾರನ್ನಾದರೂ ಕೇಳುವಾಗಲೂ 'ಒಳ್ಳೆ ಪುಸ್ತಕ ಹೇಳಿ' ಅನ್ನುವುದಿಲ್ಲ. ಹಾಗೆ ಕೇಳಿದರೆ ಜನ ಗಂಭೀರವಾಗಿ ತಾವೇ ಓದದ ಪುಸ್ತಕ ಹೇಳುತ್ತಾರೆ. 'ಎರಡು ಸಲ ಓದಿದ್ದು ಯಾವುದು?' ಅಂತ ಕೇಳುತ್ತೇನೆ. ಆಗ ಒಂದು ಕ್ಷಣ ತಡೆದು, ಸ್ವಲ್ಪ ನಾಚಿಕೊಂಡು, ನಿಜ ಹೇಳುತ್ತಾರೆ. ನಮ್ಮ ಆಫೀಸಿನ ಅಕೌಂಟ್ಸ್ ಮೇಡಂ ಅಡುಗೆ ಪುಸ್ತಕ ಅಂದರು. ಎರಡು ಸಲ ಅಲ್ಲ, ಇಪ್ಪತ್ತು ಸಲವಂತೆ.

ಮೂವತ್ತು ಪುಟ ಕೊಡುತ್ತೇನೆ, ಹಿಡಿಸದಿದ್ದರೆ ಬಿಡುತ್ತೇನೆ. ಬಿಟ್ಟದ್ದನ್ನೂ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ, ತಾರೀಖು ಹಾಕಿ. ಮಂಚದ ಕೆಳಗಿನ ಒಂಬತ್ತರಲ್ಲಿ ಎರಡು ಮೇಲೆ ಬಂದದ್ದು ಹಾಗೇ. ಉಳಿದ ಏಳಕ್ಕೆ ಇನ್ನೂ ಟೈಮ್ ಬಂದಿಲ್ಲ.

ವಿಮರ್ಶೆ ಇವತ್ತಿಗೂ ನನಗೆ ಬಾಗಿಲು ತೆಗೆದಿಲ್ಲ. ನಾಲ್ಕು ಸಲ ತಟ್ಟಿ ವಾಪಸ್ ಬಂದಿದ್ದೇನೆ. ಅರ್ಥಶಾಸ್ತ್ರದ್ದೂ ಅದೇ ಕತೆ ಆಗಿತ್ತು. ಆದರೆ ಹೋದ ವಾರ ಸಂತೆಯಲ್ಲಿ ಟೊಮೇಟೊ ಕೆ.ಜಿ.ಗೆ ಹತ್ತು ರೂಪಾಯಿ, ಹಿಂದಿನ ತಿಂಗಳು ಅರವತ್ತು. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಮಾರುವ ಅಮ್ಮ, "ನನಗೇನು ಗೊತ್ತಪ್ಪಾ, ಓದಿದೋರು ನೀವು ಹೇಳ್ಬೇಕು" ಅಂದರು. ಅದನ್ನೇ ಮೂರನೇ ಕಾಲಂನಲ್ಲಿ ಬರೆದಿದ್ದೇನೆ. ಮೊದಲನೇ ಕಾಲಂ ಇನ್ನೂ ಖಾಲಿ ಇದೆ.